ಮೂಗು ಮೇಸ್ತ್ರಿಯ ಎಣ್ಣೆ ಡಬ್ಬಿ

ಮೂಗು ಮೇಸ್ತ್ರಿಗೆ ಆ ಹೆಸರು ಬಂದದ್ದು ಮೂಗು ಉದ್ದವಿದ್ದದ್ದಕ್ಕಲ್ಲ. ಅಳತೆಯಲ್ಲಿ ಅದು ನಿಮ್ಮ ನಮ್ಮ ಮೂಗಿನಷ್ಟೇ ಇತ್ತು. ಮರದ ಅಡುಗೆಕಟ್ಟೆಗಳನ್ನು ತಿಕ್ಕಿ, ಒಣಗಿಸಿ, ಎಣ್ಣೆ ಕುಡಿಸುವುದು ಅವನ ಕಸುಬು. ಯಾರ ಮನೆಗೆ ಹೋದರೂ ಮೊದಲು ಚೀಲ ಕೆಳಗಿಟ್ಟು, ಕನ್ನಡಕ ತೆಗೆದು ಜೇಬಿಗೆ ಹಾಕಿ, ಕಟ್ಟೆಯ ಮೇಲೆ ಬಾಗಿ ಈ ತುದಿಯಿಂದ ಆ ತುದಿಯವರೆಗೆ ಮೂಸಿಕೊಂಡು ಹೋಗುತ್ತಿದ್ದ. ಆಮೇಲೆ ತಲೆಯೆತ್ತಿ ತೀರ್ಪು ಕೊಡುತ್ತಿದ್ದ.

"ಮೊನ್ನೆ ಇಲ್ಲಿ ಮೀನು ಹೆಚ್ಚಿದ್ದೀರಿ. ಉಪ್ಪು ಹಾಕಿ ತಿಕ್ಕಿಲ್ಲ, ಬರೀ ಒದ್ದೆ ಬಟ್ಟೇಲಿ ಒರೆಸಿದ್ದೀರಿ."

"ಅಯ್ಯೋ, ಹಾಗೇನಿಲ್ಲಪ್ಪ ಮೇಸ್ತ್ರಿ."

"ಮರ ಸುಳ್ಳು ಹೇಳಲ್ಲ ತಾಯಿ."

ಮನೆಯಾಕೆಯ ಮುಖ ಸಣ್ಣದಾಗುತ್ತಿತ್ತು. ಮೇಸ್ತ್ರಿ ಅದನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದ. ನಲವತ್ತು ವರ್ಷ ಅವನು ಹೀಗೆ ಊರಿನ ಅಡುಗೆಮನೆಗಳಿಗೆಲ್ಲ ನ್ಯಾಯಾಧೀಶನಾಗಿದ್ದ.

ಇಂಥ ಮೂಗು ಇದ್ದವನು ಯಾರನ್ನು ತಾನೇ ನಂಬಿಯಾನು? ಬೆಳಗಿನ ಪೇಪರಿನ ಮಡಿಕೆ ತುಸು ಸೊಟ್ಟಗಿದ್ದರೆ, ಪಕ್ಕದ ಮನೆಯವರು ಓದಿ ಇಟ್ಟಿದ್ದಾರೆ ಎನ್ನುತ್ತಿದ್ದ. ಯಾರಾದರೂ ನಗುನಗುತ್ತಾ ಮಾತಾಡಿಸಿದರೆ, ಇವನಿಗೇನೋ ಕೆಲಸ ಆಗಬೇಕಿದೆ ಎಂದು ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳುತ್ತಿದ್ದ. ಹೆಂಡತಿ ಇದಕ್ಕೆಲ್ಲ ಒಗ್ಗಿಹೋಗಿದ್ದಳು. ಅವಳದು ಬೇರೆಯೇ ಗೀಳು. ಊಟದ ಮೇಜು ಒರೆಸುವಾಗ ಅಂಚಿನ ಕೆಳಗೂ ಕೈ ಹಾಕಿ ಒರೆಸುವ ಪೈಕಿಯವಳು ಅವಳು. "ಅಲ್ಲಿ ಯಾರು ನೋಡ್ತಾರೆ ಕಣೇ?" ಎಂದು ಮೇಸ್ತ್ರಿ ಕೇಳಿದರೆ, "ಮೊಣಕಾಲು ನೋಡುತ್ತೆ ಬಿಡಿ" ಎನ್ನುತ್ತಿದ್ದಳು.

ಏಳು ತಿಂಗಳ ಹಿಂದೆ ಮೇಸ್ತ್ರಿಗೆ ಒಂದು ಜ್ವರ ಬಂತು. ಜೊತೆಗೆ ತಲೆ ಒಡೆದುಹೋಗುವಂಥ ನೆಗಡಿ. ಎರಡು ವಾರ ಮಲಗಿ ಎದ್ದ. ಜ್ವರ ಹೋಯಿತು, ನೆಗಡಿಯೂ ಹೋಯಿತು, ಹೋಗುವಾಗ ಅದು ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೊದಲ ದಿನ ಸೋಪು ಮೂಸಿದ, ಏನೂ ಇಲ್ಲ. ಎರಡನೇ ದಿನ ಬಾಗಿಲ ಹಿಂದೆ ನಿಂತು ಬೆಳ್ಳುಳ್ಳಿಯ ಎಸಳು ಜಜ್ಜಿ ಮೂಗಿಗೆ ಹಿಡಿದ. ಕಣ್ಣು ಉರಿಯಿತು, ಅಷ್ಟೇ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಕಾದ. ತಿಂಗಳು ಕಳೆದ ಮೇಲೆ ಕಾಯುವುದನ್ನು ಬಿಟ್ಟು ಮುಚ್ಚಿಡುವುದನ್ನು ಶುರು ಮಾಡಿದ. ಹೆಂಡತಿಗೂ ಹೇಳಲಿಲ್ಲ. ಮೂಗಿಲ್ಲದ ಮೂಗು ಮೇಸ್ತ್ರಿಯನ್ನು ಯಾರು ಕರೆಯುತ್ತಾರೆ? ಕಂಡವರೆಲ್ಲ ಕಿಸಕ್ಕನೆ ನಗುತ್ತಾರೆ, ಮೀನು ಹೆಚ್ಚಿದ ಮನೆಗಳವರಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ.

ಹಾಗಾಗಿ ಮೂಸುವ ನಾಟಕ ನಡೆಯಿತು. ಕಟ್ಟೆಯ ಮೇಲೆ ಬಾಗಿ, ಹುಬ್ಬು ಗಂಟಿಕ್ಕಿ, "ಇಲ್ಲಿ ಈರುಳ್ಳಿ ಹೆಚ್ಚಿದ್ದೀರಿ" ಎನ್ನುತ್ತಿದ್ದ. ಈರುಳ್ಳಿ ಹೆಚ್ಚದ ಅಡುಗೆಮನೆ ಯಾವುದಿದೆ? ಗುರಿ ತಪ್ಪುತ್ತಲೇ ಇರಲಿಲ್ಲ. ಆದರೆ ಎದೆಯಲ್ಲಿ ಒಂದು ಪುಕುಪುಕು ಸೇರಿಕೊಂಡಿತು. ಗುಟ್ಟು ಇಟ್ಟುಕೊಂಡವನಿಗೆ ಎಲ್ಲರೂ ಅದನ್ನೇ ಹುಡುಕುತ್ತಿದ್ದಾರೆ ಅನ್ನಿಸುತ್ತದೆ. ಯಾರಾದರೂ ಅವನ ಮುಖವನ್ನು ಒಂದು ಕ್ಷಣ ಹೆಚ್ಚು ನೋಡಿದರೂ, ಇವರಿಗೆ ಗೊತ್ತಾಗಿಬಿಟ್ಟಿತೆ ಎಂದು ಬೆವರುತ್ತಿದ್ದ.

ಈಗ ಎಣ್ಣೆಯ ಸಂಗತಿ ಹೇಳಬೇಕು. ಮೇಸ್ತ್ರಿ ಬಳಸುತ್ತಿದ್ದದ್ದು ಅಗಸೆ ಎಣ್ಣೆ. ಅದನ್ನು ಅವನ ಷಡ್ಡಕನ ಅಂಗಡಿಯಿಂದ ತರುತ್ತಿದ್ದ. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಬಣ್ಣ, ಮೊಳೆ, ಬೀಗ ಮಾರುವವನು. ಕ್ಯಾನು ತೆರೆದಾಗಲೆಲ್ಲ ಅವನು ಮುಚ್ಚಳವನ್ನು ಮೇಸ್ತ್ರಿಯ ಮೂಗಿನ ಕೆಳಗೆ ಹಿಡಿಯಬೇಕು, ಮೇಸ್ತ್ರಿ ಮೂಸಿ "ಹೂಂ, ಆಗಬಹುದು" ಅನ್ನಬೇಕು. ಆಮೇಲೆಯೇ ಎಣ್ಣೆ ಮೇಸ್ತ್ರಿಯ ಹಿತ್ತಾಳೆ ಡಬ್ಬಿಗೆ ಬೀಳುವುದು. ಆ ಡಬ್ಬಿ ಕೆಲಸ ಕಲಿಸಿದ ಗುರು ಕೊಟ್ಟದ್ದು. ಅದನ್ನು ತೊಳೆಯುವುದಕ್ಕೆ ವಾರ, ತಿಂಗಳು ಅಂತ ಲೆಕ್ಕವಿರಲಿಲ್ಲ. ತಳದ ಎಣ್ಣೆ ಹಳತಾಗಿ ಕಮಟು ವಾಸನೆ ಹೊಡೆದ ದಿನ ಮೂಗು ಹೇಳುತ್ತಿತ್ತು, ಆವತ್ತು ಮೇಸ್ತ್ರಿ ಅದನ್ನು ಬರಿದು ಮಾಡಿ, ತಿಕ್ಕಿ, ಬಿಸಿಲಿಗಿಡುತ್ತಿದ್ದ. ಮೂಗು ಹೇಳುವವರೆಗೆ ಹಳೆಯದರ ಮೇಲೆ ಹೊಸದು ಸುರಿಯುತ್ತಿದ್ದ. ಈಗ ಏಳು ತಿಂಗಳಿಂದ ಮೂಗು ಏನೂ ಹೇಳಿರಲಿಲ್ಲ.

ಒಂದು ದಿನ ಹೆಂಡತಿ ಮೆಲ್ಲಗೆ ಕೇಳಿದಳು, "ರೀ, ಆ ಡಬ್ಬಿ ಒಂದ್ಸಲ ತೊಳೆದುಬಿಡ್ಲಾ?"

ಮೇಸ್ತ್ರಿ ಹಾವು ತುಳಿದವನಂತೆ ಎದ್ದ. "ಯಾಕೆ? ಡಬ್ಬಿಗೆ ಏನಾಗಿದೆ? ಯಾರು ಏನು ಹೇಳಿದ್ರು ನಿಂಗೆ?"

"ಯಾರೂ ಏನೂ ಹೇಳಿಲ್ಲ. ಸುಮ್ನೆ ಕೇಳಿದೆ."

"ಸುಮ್ನೆ ಯಾರೂ ಏನೂ ಕೇಳಲ್ಲ. ಅದನ್ನ ಯಾವಾಗ ತೊಳೀಬೇಕು ಅಂತ ನನ್ನ ಮೂಗಿಗೆ ಗೊತ್ತು. ಮುಟ್ಟಿದ್ರೆ ನೋಡು!"

ಮೇಸ್ತ್ರಿ ಆವತ್ತಿನಿಂದ ಡಬ್ಬಿಯ ಮುಚ್ಚಳಕ್ಕೆ ಕಪ್ಪು ದಾರ ಸುತ್ತಿ ತನಗೆ ಮಾತ್ರ ಗೊತ್ತಿರುವ ಗಂಟು ಹಾಕತೊಡಗಿದ. ಎಣ್ಣೆಯ ಮಟ್ಟಕ್ಕೆ ಕಡ್ಡಿ ಅದ್ದಿ ಪೆನ್ಸಿಲಿನಿಂದ ಗೀಟು ಎಳೆದಿಟ್ಟ.

ಅನುಮಾನಕ್ಕೆ ಆಹಾರ ಎಲ್ಲ ಕಡೆಯೂ ಸಿಗುತ್ತಿತ್ತು. ಒಂದು ಬೆಳಿಗ್ಗೆ ಪೇಪರು ಓದಿ ಅಡುಗೆಮನೆಗೆ ಹೋದರೆ, ಹೆಂಡತಿ ತಳ ಕರಿಕಲಾದ ಹಾಲಿನ ಪಾತ್ರೆ ತಿಕ್ಕುತ್ತಾ, ಅವನನ್ನೇ ನೋಡುತ್ತಾ ನಿಂತಿದ್ದಳು. "ಹಾಲು ಉಕ್ಕಿತಾ?" ಎಂದ. "ಹೂಂ" ಎಂದಳು. ಆ ನೋಟ ಅವನಿಗೆ ಸರಿಬರಲಿಲ್ಲ. ಇನ್ನೊಂದು ದಿನ ಷಡ್ಡಕ ಅಂಗಡಿಯಲ್ಲಿ ಕ್ಯಾನಿನ ಮುಚ್ಚಳ ಹಿಡಿದ. ಮೇಸ್ತ್ರಿ ಎಂದಿನಂತೆ "ಹೂಂ, ಆಗಬಹುದು" ಎಂದ. ಷಡ್ಡಕ ಹಾಗೇ ನಿಂತುಬಿಟ್ಟ. ಆಮೇಲೆ, "ತಡೀರಿ ಅಣ್ಣ, ಇದು ಬೇಡ" ಎಂದು ಬೇರೆ ಕ್ಯಾನು ತಂದ. ಕೆಟ್ಟ ಎಣ್ಣೆ ದಾಟಿಸಲು ನೋಡಿದ, ಕೊನೇ ಗಳಿಗೆಯಲ್ಲಿ ಹೆದರಿದ ಎಂದು ಮೇಸ್ತ್ರಿ ತೀರ್ಮಾನಿಸಿದ. ಅದಾದ ಮೇಲೆ ಹೆಂಡತಿ ವಾರಕ್ಕೆ ಎರಡು ಮೂರು ಸಲ "ತಂಗಿ ಮನೆಗೆ ಹೋಗಿ ಬರ್ತೀನಿ" ಎಂದು ಹೊರಡತೊಡಗಿದಳು. ಮೊದಲೆಲ್ಲ ತಿಂಗಳಿಗೊಮ್ಮೆ ಹೋದರೆ ಹೆಚ್ಚು.

ಮೇಸ್ತ್ರಿಯ ತಲೆಗೆ ದೊಡ್ಡ ಹುಳ ಹೊಕ್ಕಿದ್ದು ಟೀಚರಮ್ಮನ ಮನೆಯಲ್ಲಿ. ಅವರು ನಿವೃತ್ತ ಟೀಚರು, ಒಂಟಿ ಜೀವ, ಇಪ್ಪತ್ತು ವರ್ಷದ ಗಿರಾಕಿ. ಬೀರುವಿನ ತಿರುಗಣಿ ಸಡಿಲವಾಗಿದೆ ಎಂದು ಕರೆದಿದ್ದರು. ಅಡುಗೆಕಟ್ಟೆಗೆ ಮೇಸ್ತ್ರಿ ಎಣ್ಣೆ ಹಚ್ಚಿ ಮೂರು ವಾರವಾಗಿತ್ತಷ್ಟೆ. ತಿರುಗಣಿ ಬಿಗಿ ಮಾಡಿ ಏಳುವಾಗ ಕಿಟಕಿಯ ಬೆಳಕು ಕಟ್ಟೆಯ ಮೇಲೆ ಓರೆಯಾಗಿ ಬಿದ್ದಿತ್ತು. ಮೇಸ್ತ್ರಿ ನಿಂತಲ್ಲೇ ನಿಂತ.

ಕೊನೆಯ ಸಲ ಬಟ್ಟೆ ಆಡಿಸಿದ ಜಾಡು ಎಣ್ಣೆ ಕುಡಿದ ಮರದಲ್ಲಿ ತಿಳಿದವರಿಗೆ ಕಾಣುತ್ತದೆ. ಮೇಸ್ತ್ರಿ ಯಾವಾಗಲೂ ಒಲೆಯ ಕಡೆಯಿಂದ ಕಿಟಕಿಯ ಕಡೆಗೆ ಒರೆಸುತ್ತಿದ್ದ. ಈ ಜಾಡು ಕಿಟಕಿಯಿಂದ ಒಲೆಯ ಕಡೆಗೆ ಬಂದಿತ್ತು. ಕೈಯಾಡಿಸಿದ. ನುಣುಪು, ಎಲ್ಲೂ ಅಂಟಿಲ್ಲ. ನಲ್ಲಿಯಿಂದ ಬೆರಳಲ್ಲಿ ನೀರು ತಂದು ಚಿಮುಕಿಸಿದ. ಹನಿಗಳು ಮರಕ್ಕೆ ಇಂಗದೆ ದುಂಡಗೆ ನಿಂತವು. ಅಂಚಿನ ಕೆಳಗೆ ಬೆರಳು ಹಾಕಿದ. ಅಲ್ಲೂ ಎಣ್ಣೆ! ನಲವತ್ತು ವರ್ಷದಲ್ಲಿ ಮೇಸ್ತ್ರಿ ಒಂದು ಮನೆಯಲ್ಲೂ ಅಂಚಿನ ಕೆಳಗೆ ಎಣ್ಣೆ ಹಚ್ಚಿರಲಿಲ್ಲ.

"ಟೀಚರಮ್ಮ, ಇದನ್ನ ಯಾರು ಮಾಡಿದ್ದು?"

"ಯಾವುದನ್ನ? ನೀವೇ ಮಾಡಿದ್ದಲ್ವಾ ಮೇಸ್ತ್ರಿ?" ಟೀಚರಮ್ಮ ಇದ್ದಕ್ಕಿದ್ದಂತೆ ಗ್ಯಾಸಿನ ಗುಂಡಿ ಪರೀಕ್ಷೆ ಮಾಡತೊಡಗಿದರು. ಮಕ್ಕಳಿಗೆ ನಿಜ ಹೇಳಿ ಎಂದು ಮೂವತ್ತು ವರ್ಷ ಬೋಧಿಸಿದವರು, ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

ಮೇಸ್ತ್ರಿ ನೇರವಾಗಿ ಬ್ರೆಡ್ಡಿನ ಭಟ್ಟಿಗೆ ಹೋದ. ಹಿಟ್ಟು ನಾದುವ ಉದ್ದನೆಯ ಮರದ ಮೇಜು ಅಲ್ಲಿತ್ತು, ಅದೂ ಅವನದೇ ಕೆಲಸ. ಅಲ್ಲೂ ಜಾಡು ಉಲ್ಟಾ. ಅಂಚಿನ ಕೆಳಗೂ ಎಣ್ಣೆ. ಮೂಲೆಯ ಸೀಳಿನಲ್ಲಿ ಒಂದು ನೀಲಿ ದಾರ ಸಿಕ್ಕಿಕೊಂಡಿತ್ತು. ಮೇಸ್ತ್ರಿಯ ಒರೆಸುವ ಬಟ್ಟೆಗಳು ಅವನ ಮನೆಯ ಹಳೆಯ ಬೆಡ್‌ಶೀಟಿನ ತುಂಡುಗಳು, ನೀಲಿ ಪಟ್ಟೆಯವು. ಅಗಸೆ ಎಣ್ಣೆಯ ಬಟ್ಟೆ ಮುದ್ದೆ ಮಾಡಿಟ್ಟರೆ ಒಳಗೇ ಬಿಸಿಯೇರಿ ಬೆಂಕಿ ಹತ್ತುತ್ತದೆಂದು ಅವನು ಅವನ್ನು ಹಿತ್ತಲ ತಂತಿಯ ಮೇಲೆ ಬಿಡಿಬಿಡಿಯಾಗಿ ಹರಡುತ್ತಿದ್ದ. ಯೋಚಿಸಿ ನೋಡಿದರೆ ಎರಡು ತುಂಡು ಕಾಣೆಯಾಗಿದ್ದವು. ಒಂದು ಹಳೆಯ ಕೆಲಸದ ಚೀಲವೂ ಕಾಣೆಯಾಗಿತ್ತು. ಅಂದರೆ ಕಳ್ಳ ಮನೆಯವರೆಗೂ ಬಂದಿದ್ದ.

"ಯಾರಯ್ಯ ಬಂದಿದ್ರು ಇಲ್ಲಿಗೆ?" ಎಂದು ಕೇಳಿದ.

ಬ್ರೆಡ್ಡಿನವನು ಹಿಟ್ಟಿನ ಚೀಲದ ಹಿಂದೆ ಮರೆಯಾಗುತ್ತಾ, "ಯಾರೂ ಇಲ್ಲ ಮೇಸ್ತ್ರಿ, ನಿಮ್ಮ ಕೈಗುಣ ಬಿಡಿ" ಎಂದ. ಹತ್ತು ವರ್ಷದಲ್ಲಿ ಅವನು ಒಮ್ಮೆಯೂ ಹೊಗಳಿದವನಲ್ಲ. ಹೊಗಳಿಕೆ ಕೇಳಿ ಮೇಸ್ತ್ರಿ ಆ ನೀಲಿ ದಾರವನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಯಾರೋ ಒಬ್ಬ ಹೊಸಬ ಬೆನ್ನ ಹಿಂದೆ ಬಂದು ತನ್ನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಕೊಕ್ಕೆ ಹಾಕಿ ಎಳೆಯುತ್ತಿದ್ದಾನೆ. ಅವನು ಮೇಸ್ತ್ರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾನೆ, ಅದು ಇನ್ನೂ ಉರಿ. ಅವನಿಗೆ ಮನೆಗಳ ವಿಳಾಸ ಕೊಟ್ಟವರು ಯಾರು? ಎಣ್ಣೆ ಕೊಟ್ಟವರು ಯಾರು? ಮೇಸ್ತ್ರಿ ಷಡ್ಡಕನ ಅಂಗಡಿಗೆ ನುಗ್ಗಿ, ಬೀಗ ಕೊಳ್ಳಲು ಬಂದವರ ಎದುರೇ ಕೂಗಾಡಿದ.

"ನನ್ನ ಅನ್ನಕ್ಕೇ ಕಲ್ಲು ಹಾಕ್ತೀಯಾ? ಯಾರಿಗೆ ಕೊಡ್ತಿದ್ದೀಯ ನನ್ನ ಎಣ್ಣೇನ?"

ಷಡ್ಡಕ ಗಲ್ಲಾ ಬಿಟ್ಟು ಎದ್ದು ಬಂದ. "ಅಣ್ಣ, ನಿಮ್ಮ ಕಾಲು ಮುಟ್ಟಿ ಹೇಳ್ತೀನಿ, ನಿಮಗೆ ಕೆಟ್ಟದ್ದು ಬಯಸೋರು ಈ ಊರಲ್ಲಿ ಯಾರೂ ಇಲ್ಲ."

"ಹಾಗಾದ್ರೆ ಹೆಸರು ಹೇಳು."

"ಅದೊಂದು ಕೇಳ್ಬೇಡಿ."

ಸಂಚು ಇದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಮೇಸ್ತ್ರಿ ಷಡ್ಡಕನ ಮನೆಯ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದು ಹೇಳಿ ಮೆಟ್ಟಿಲಿಳಿದ. ಮನೆಗೆ ಬಂದು ಹೆಂಡತಿಗೂ ಕಡ್ಡಿ ಮುರಿದಂತೆ ಹೇಳಿದ, "ಇನ್ಮೇಲೆ ತಂಗಿ ಮನೆ ಅಂತ ಹೊಸ್ತಿಲು ದಾಟ್ಬೇಡ. ನಿನ್ನ ತಂಗಿ ಗಂಡ ನನ್ನ ಕತ್ತು ಕೊಯ್ತಿದ್ದಾನೆ." ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣಲ್ಲಿ ನೀರಾಡಿತು. ಇವಳೂ ಅವರ ಕಡೆಯೇ ಎಂದು ಅವನಿಗೆ ಖಚಿತವಾಯಿತು.

ಇನ್ನು ಕಳ್ಳನನ್ನು ಕೈಯಾರೆ ಹಿಡಿಯಬೇಕು. ಮೇಸ್ತ್ರಿ ಟೀಚರಮ್ಮನ ಮನೆಗೆ ಹೋಗಿ, ಈ ಸಲ ಬೇಗನೇ ಕಟ್ಟೆಗೆ ಇನ್ನೊಂದು ಕೋಟು ಎಣ್ಣೆ ಹಾಕುತ್ತೇನೆ ಎಂದ. ಟೀಚರಮ್ಮನ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. "ಈಗಲೇ ಯಾಕೆ? ಕಟ್ಟೆ ಚೆನ್ನಾಗೇ ಇದೆಯಲ್ಲ" ಎಂದರು. ಮೇಸ್ತ್ರಿ ಬಿಡಲಿಲ್ಲ. ಉಪ್ಪು, ನಿಂಬೆಹಣ್ಣು ಹಾಕಿ ತಿಕ್ಕಿದ, ಒಣಗಲು ಬಿಟ್ಟ, ಮಾರನೆಯ ದಿನ ಬಂದು ಉಪ್ಪುಕಾಗದದಿಂದ ಮರದ ಎಳೆಯ ಉದ್ದಕ್ಕೂ ಉಜ್ಜಿದ, ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಎಣ್ಣೆ ಹಚ್ಚಿದ. ಅಂದು ಮನೆಗೆ ಹೋಗಿ ಹೆಂಡತಿಗೆ ಕೇಳಿಸುವಂತೆ, "ಗುರುವಾರ ಊರಾಚೆ ಹೋಟೆಲಲ್ಲಿ ಕೆಲಸ, ಬರೋದು ಸಂಜೆಯಾಗುತ್ತೆ" ಎಂದ. ಅವಳು ಷಡ್ಡಕನಿಗೆ ಹೇಳುತ್ತಾಳೆ, ಷಡ್ಡಕ ಕಳ್ಳನಿಗೆ ಹೇಳುತ್ತಾನೆ, ಕಳ್ಳ ಬರುತ್ತಾನೆ. ಇದು ಅವನ ಲೆಕ್ಕ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮೇಸ್ತ್ರಿ ಟೀಚರಮ್ಮನ ಮನೆಯೆದುರಿನ ಕ್ಷೌರದಂಗಡಿಯಲ್ಲಿ ಪೇಪರಿನ ಹಿಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದ. ಕೂತದ್ದಕ್ಕೆ ಬೇರೆ ದಾರಿಯಿಲ್ಲದೆ ಕೊನೆಗೆ ಕ್ಷೌರಕ್ಕೂ ಮುಖ ಒಡ್ಡಿದ. ಹನ್ನೊಂದಕ್ಕೆ ರಸ್ತೆಯ ತಿರುವಿನಲ್ಲಿ ಒಂದು ಚೀಲ ಕಂಡಿತು. ಚೀಲವನ್ನು ಮೊದಲು ಗುರುತು ಹಿಡಿದ, ಅದು ಅವನದೇ, ಕಾಣೆಯಾದದ್ದು. ಆಮೇಲೆ ಹೊತ್ತವರನ್ನು ನೋಡಿದ.

ಅವನ ಹೆಂಡತಿ ಕೊಡೆ ಮಡಚಿ, ಟೀಚರಮ್ಮನ ಬಾಗಿಲು ತಟ್ಟಿ ಒಳಗೆ ಹೋದಳು.

ಮೇಸ್ತ್ರಿ ಅರ್ಧ ಮುಖದ ಸೋಪಿನಲ್ಲೇ ಎದ್ದ. ರಸ್ತೆ ದಾಟಿ, ಪಕ್ಕದ ಸಂದಿಯಲ್ಲಿ ನುಸುಳಿ, ಸ್ವಲ್ಪ ಹೊತ್ತು ಗೋಡೆಗೆ ಒತ್ತಿಕೊಂಡು ಕಾದು, ಅಡುಗೆಮನೆಯ ಕಿಟಕಿಯ ಬಳಿ ಬಂದ. ತೆರೆದ ಕಿಟಕಿಯಿಂದ ಎಲ್ಲವೂ ಕಾಣುತ್ತಿತ್ತು. ಹೆಂಡತಿ ಸೆರಗು ಬಿಗಿದು, ಕನ್ನಡಕ ಹಾಕಿ, ಕೆರೆಯುವ ತಗಡನ್ನು ಎರಡೂ ಕೈಯಲ್ಲಿ ಹಿಡಿದು ಕಟ್ಟೆಯನ್ನು ಕೆರೆಯುತ್ತಿದ್ದಳು. ತಗಡಿನ ಮುಂದೆ ಕಂದು ಅಂಟು ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಮೂರು ದಿನದ ಹಿಂದೆ ಅವನು ಹಚ್ಚಿದ ಎಣ್ಣೆ ಅದು. ಒಣಗಿರಲಿಲ್ಲ, ಜೋನಿಬೆಲ್ಲದಂತೆ ಕೂತಿತ್ತು.

ಟೀಚರಮ್ಮ ಎರಡು ಲೋಟ ಚಹಾ ತಂದರು. ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಟವೆಲಿನ ತುದಿ. ಆ ತುದಿಯಿಂದ ಅವರು ಮೂಗು ಮುಚ್ಚಿಕೊಂಡಿದ್ದರು.

ಮೇಸ್ತ್ರಿ ಆ ಟವೆಲನ್ನೇ ನೋಡಿದ. ಕಿಟಕಿಯ ಅಂಚಿನ ಮೇಲೆ ಪೇಪರಿನಲ್ಲಿ ಕೆರೆದ ಅಂಟು ಗುಡ್ಡೆಯಾಗಿತ್ತು. ಬೆರಳಲ್ಲಿ ತೆಗೆದು ಮೂಗಿಗೆ ಹಿಡಿದ. ಏನೂ ಇಲ್ಲ. ಗಾಳಿ, ಅಷ್ಟೇ.

"ಈ ಸಲ ನಾತ ಇನ್ನೂ ಜಾಸ್ತಿ ಕಣಮ್ಮ" ಎಂದರು ಟೀಚರಮ್ಮ. "ಮೂರು ದಿನದಿಂದ ಊಟ ಸೇರಿಲ್ಲ. ನೀವೇ ಒಂದು ಮಾತು ಹೇಳಬಾರದಾ ಅವರಿಗೆ?"

"ಹೇಗೆ ಹೇಳ್ಲಿ? ನಲವತ್ತು ವರ್ಷ ಆ ಮೂಗನ್ನ ನಂಬ್ಕೊಂಡು ಬದುಕಿದೋರು. ಅದು ಹೋಗಿದೆ ಅಂತ ಅವರ ಬಾಯಲ್ಲೇ ಬರಬೇಕು. ನಾನು ಹೇಳಿದ್ರೆ ನಾನೇ ಕಿತ್ಕೊಂಡ ಹಾಗೆ." ಅವಳು ತಗಡನ್ನು ಒರೆಸಿದಳು. "ಡಬ್ಬಿ ಬದಲಾಯಿಸೋಣ ಅಂದ್ರೆ ಗಂಟು ಹಾಕಿಡ್ತಾರೆ, ಗೀಟು ಎಳೆದಿಡ್ತಾರೆ. ಇನ್ನೇನು ಮಾಡ್ಲಿ? ಅವರು ಹಚ್ಚಿದ್ದನ್ನ ನಾನು ಕೆರೀತೀನಿ. ಯಾರೂ ಅವರನ್ನ ಕರೆಯೋದು ನಿಲ್ಲಿಸದಿದ್ರೆ ಸಾಕು."

ಹೀಗೆಂದು ಬಾಗಿ, ಕೆರೆದ ಜಾಗವನ್ನು ಮೂಸಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ, ಅವನು ಮೂಸುತ್ತಿದ್ದ ಹಾಗೆಯೇ.

ಮೇಸ್ತ್ರಿಗೆ ನಾಚಿಕೆಯಾಯಿತು. ಎಂಥ ನಾಚಿಕೆ ಎಂದರೆ, ಹಾಗೇ ಸಂದಿಯಿಂದ ಹೊರಗೆ ಹೋಗಿ, ಸಂಜೆ ಮನೆಗೆ ಬಂದು, ಹೋಟೆಲಿನ ಕೆಲಸ ಚೆನ್ನಾಗಾಯಿತು ಎಂದುಬಿಡೋಣ ಅನ್ನಿಸಿತು. ಅವಳು ಆಗಲೂ ಹೂಂ ಅನ್ನುತ್ತಾಳೆ. ಹೊಸ್ತಿಲು ದಾಟಬೇಡ ಎಂದವನಿಗೋಸ್ಕರ ಹೊಸ್ತಿಲು ದಾಟಿ ಬಂದವಳು, ಇನ್ನೂ ಹತ್ತು ವರ್ಷ ಹೀಗೇ ಕೆರೆಯುತ್ತಾಳೆ. ಅದು ಹೊಳೆದು ಮೇಸ್ತ್ರಿಯ ಕಾಲು ಹಿಂದಕ್ಕೆ ಹೋಗಲಿಲ್ಲ. ಹಿಂಬಾಗಿಲಿನಿಂದ ಒಳಗೆ ಹೋದ.

ಇಬ್ಬರು ಹೆಂಗಸರೂ ಬೆಚ್ಚಿಬಿದ್ದರು. ಅರ್ಧ ಮುಖ ಬೋಳಿಸಿ ಅರ್ಧ ಮುಖ ಸೋಪು ಹಚ್ಚಿಕೊಂಡ ಗಂಡಸು ಅಡುಗೆಮನೆಯಲ್ಲಿ ನಿಂತರೆ ಯಾರಿಗಾದರೂ ಭಯವೇ.

"ಟೀಚರಮ್ಮ" ಎಂದ ಮೇಸ್ತ್ರಿ. "ನನಗೆ ವಾಸನೆ ಗೊತ್ತಾಗಲ್ಲ. ಏಳು ತಿಂಗಳಾಯ್ತು."

ಟೀಚರಮ್ಮ ಮೂಗಿನಿಂದ ಟವೆಲು ತೆಗೆದು ಆಚೆ ಹೋದರು. ಹೆಂಡತಿ ಅವನ ಕಡೆ ತಿರುಗಲಿಲ್ಲ. ಅವಳ ಕೈ ಮಾತ್ರ ನಿಂತಿತ್ತು, ಹೆಗಲು ಅಲ್ಲಾಡುತ್ತಿತ್ತು.

"ನಿಂಗೆ ಯಾವಾಗ ಗೊತ್ತಾಯ್ತು?"

"ಹಾಲು ಹೊತ್ತಿದ ದಿನ" ಎಂದಳು. "ಮನೆಯೆಲ್ಲಾ ಸೀದ ನಾತ. ನೀವು ಮೂರು ಮೊಳ ಆಚೆ ಕೂತು ಪೇಪರ್ ಓದ್ತಿದ್ರಿ." ಕಣ್ಣೊರೆಸಿಕೊಂಡು ಅವನ ಮುಖ ನೋಡಿದಳು. ಸೋಪು ಕಂಡು ನಗು ಬಂತು, ಅಳುವೂ ಬಂತು. "ನಿಂತಿದ್ದೀರೇನು? ಅಂಚಿನ ಕೆಳಗೆ ನೀವು ಕೆರೀರಿ. ನಂಗೆ ಬಗ್ಗಿ ಬಗ್ಗಿ ಸೊಂಟ ಹೋಯ್ತು."

ಮೇಸ್ತ್ರಿ ನೆಲದ ಮೇಲೆ ಕೂತು, ಜೀವಮಾನದಲ್ಲಿ ಮೊದಲ ಸಲ ಅಂಚಿನ ಕೆಳಗೆ ಕೈ ಹಾಕಿದ. ಸ್ವಲ್ಪ ಹೊತ್ತಿನ ಮೇಲೆ ಕೆಳಗಿನಿಂದ ಅವನ ದನಿ ಬಂತು.

"ಷಡ್ಡಕನಿಗೂ ಗೊತ್ತಾ?"

"ಆಗ ನಂಗೆ ಬರೀ ಅನುಮಾನ ಇತ್ತು. ಖಾತ್ರಿ ಮಾಡಿದ್ದೇ ಅವನು. ಕೈತಪ್ಪಿ, ಬಣ್ಣಕ್ಕೆ ಬೆರೆಸೋ ಘಾಟು ಟರ್ಪೆಂಟೈನ್ ಕ್ಯಾನು ತೆಗೆದು ಹಿಡಿದ್ನಂತೆ. ನೀವು ಹೂಂ, ಆಗಬಹುದು ಅಂದ್ರಂತೆ."

ಕಟ್ಟೆಯ ಕೆಳಗೆ ಕೆರೆಯುವ ಸದ್ದು ಜೋರಾಯಿತು.

ಮಾರನೆಯ ದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಷಡ್ಡಕನ ಅಂಗಡಿಗೆ ಹೋದರು. ಹಿತ್ತಾಳೆ ಡಬ್ಬಿ ತೊಳೆದು, ತಿಕ್ಕಿ, ಬಿಸಿಲು ತೋರಿಸಿ ಹೊಳೆಯುತ್ತಿತ್ತು. ಕಪ್ಪು ದಾರ ಇರಲಿಲ್ಲ. ಮೇಸ್ತ್ರಿ ಕ್ಷಮೆ ಕೇಳಲು ಬಾಯಿ ತೆರೆದ. ಷಡ್ಡಕ ಅದಕ್ಕೆ ಎಡೆಗೊಡದೆ, "ಬನ್ನಿ ಅಣ್ಣ, ಬನ್ನಿ ಅಕ್ಕ" ಎಂದು ಗಡಿಬಿಡಿಯಲ್ಲಿ ಹೊಸ ಕ್ಯಾನು ತೆರೆದು, ಹಳೆಯ ಅಭ್ಯಾಸದಂತೆ ಮುಚ್ಚಳವನ್ನು ಮೇಸ್ತ್ರಿಯ ಮೂಗಿನ ಕೆಳಗೆ ಹಿಡಿದ. ಹಿಡಿದ ಮೇಲೆ ತಪ್ಪು ಅರಿವಾಗಿ ನಾಲಿಗೆ ಕಚ್ಚಿಕೊಂಡ.

ಮೇಸ್ತ್ರಿ ಅವನ ಮಣಿಕಟ್ಟು ಹಿಡಿದು, ಮುಚ್ಚಳವನ್ನು ಮೆಲ್ಲಗೆ ಹೆಂಡತಿಯ ಕಡೆಗೆ ತಿರುಗಿಸಿದ.

ಅವಳು ಮೂಸಿದಳು. "ಹೂಂ, ಆಗಬಹುದು" ಎಂದಳು.

ಮೇಸ್ತ್ರಿ ಡಬ್ಬಿ ಮುಂದೆ ಹಿಡಿದ. ನಿಜವಾಗಿಯೂ ಆಗಬಹುದಾ ಎಂದು ಎರಡನೇ ಸಲ ಕೇಳಲಿಲ್ಲ.